ಹೊಲಿಗೆ ಬಿಟ್ಟ ರಸ್ತೆ

ಅವನಿಗೆ ತಕ್ಕಡಿ ಅಂತ ಹೆಸರಿಟ್ಟವರು ಯಾರು ಅನ್ನುವುದು ಈಗ ಬಜಾರಿನಲ್ಲಿ ಯಾರಿಗೂ ನೆನಪಿಲ್ಲ. ಎದುರು ಅಂಗಡಿಯಲ್ಲಿ ಹಳೆಯ ಕೀಬೋರ್ಡು ಮಾರುವ ಕೀಬೋರ್ಡ್ ಅಜ್ಜ ತಾನೇ ಇಟ್ಟಿದ್ದು ಅನ್ನುತ್ತಾನೆ, ಆದರೆ ಬಜಾರಿನಲ್ಲಿ ಏನೇ ಒಳ್ಳೆಯದಾದರೂ ತನ್ನಿಂದಲೇ ಆದದ್ದು ಅನ್ನುವ ಮನುಷ್ಯ ಅವನು. ಯಾರೇ ಇಟ್ಟಿರಲಿ, ಹೆಸರು ಹೇಳಿ ಮಾಡಿಸಿದ ಹಾಗಿತ್ತು. ತಕ್ಕಡಿ ಯಾವುದನ್ನೂ ಅದೊಂದನ್ನೇ ನೋಡಿದವನಲ್ಲ. ಕೈಗೆ ಒಂದು ಲೋಟ ಚಹಾ ಬಂದರೆ ನಿನ್ನೆಯ ಚಹಾದ ಜೊತೆ ತೂಗಬೇಕು. ಔಷಧದಂಗಡಿಯ ಸಾಲಿನಲ್ಲಿ ನಿಂತರೆ ಪಕ್ಕದ ಸಾಲು ಬೇಗ ಸಾಗುತ್ತಿದೆ ಅನ್ನಿಸಿ ಅಲ್ಲಿಗೆ ಹಾರಬೇಕು. ಹಾರಿದ ಮೇಲೆ ಬಿಟ್ಟುಬಂದ ಸಾಲೇ ಬೇಗ ಸಾಗಬೇಕು. ಕೂತಲ್ಲಿ ಮೊಣಕಾಲು ಕುಣಿಯುತ್ತಲೇ ಇರುತ್ತದೆ. "ಮೈಮೇಲೆ ಇರುವೆ ಬಿಟ್ಕೊಂಡವರ ಹಾಗೆ ಆಡ್ತೀರಲ್ಲ, ಊಟ ಮಾಡೋವಾಗಲಾದ್ರೂ ಆ ಕಾಲಿಗೆ ರಜೆ ಕೊಡಿ" ಎಂದು ಅವನ ಹೆಂಡತಿ ಮದುವೆಯಾದಾಗಿನಿಂದ ಹೇಳುತ್ತಲೇ ಇದ್ದಾಳೆ. ಮನಸ್ಸಂತೂ ಕೇಳುವುದೇ ಬೇಡ; ತಕ್ಕಡಿಗೆ ಕಪ್ಪೆ ಹಾಕಿದ ಹಾಗೆ, ಒಂದು ಕೂತರೆ ಇನ್ನೊಂದು ಜಿಗಿಯುತ್ತದೆ.

ಸಿಕ್ಕಿದ ಕಸುಬೂ ಅದಕ್ಕೆ ತಕ್ಕದ್ದೇ. ಹಳೆಯ ಕಂಪ್ಯೂಟರ್ ಸಾಮಾನಿನ ಬಜಾರಿನಲ್ಲಿ, ಒಂದು ಬಾಗಿಲಿನಷ್ಟೇ ಅಗಲದ ಅಂಗಡಿಯಲ್ಲಿ, ಅವನು ಹಳೆಯ ಗ್ರಾಫಿಕ್ಸ್ ಕಾರ್ಡುಗಳನ್ನು ಮಾರುತ್ತಾನೆ. ಕಂಪ್ಯೂಟರಿನ ಹೊಟ್ಟೆಯೊಳಗೆ ಕೂತು ಪರದೆಗೆ ಚಿತ್ರ ಬರೆದು ಕಳಿಸುವುದು ಆ ಕಾರ್ಡುಗಳ ಕೆಲಸ. ಆಟದ ಹುಚ್ಚಿನವರು, ಕಟ್ಟಡದ ನಕ್ಷೆ ಬರೆಯುವವರು, ವಿಡಿಯೊ ಕತ್ತರಿಸಿ ಜೋಡಿಸುವವರು ಹೊಸ ಕಾರ್ಡು ಬಂದ ಕೂಡಲೇ ಹಳೆಯದನ್ನು ಕಿತ್ತು ಹಾಕುತ್ತಾರೆ. ಹಾಗೆ ಕಿತ್ತದ್ದೆಲ್ಲ ಇವನ ಬಳಿಗೆ ಬರುತ್ತದೆ. ಇವನು ಧೂಳು ಊದಿ, ಕಿರುಗುಟ್ಟುವ ಫ್ಯಾನಿಗೆ ಒಂದು ಹನಿ ಎಣ್ಣೆ ಬಿಟ್ಟು, ಚಿಪ್ಪಿನ ಮೇಲೆ ಒಣಗಿದ ಪೇಸ್ಟ್ ಒರೆಸಿ ಹೊಸದು ಸವರಿ, ಮೇಜಿನ ಮೇಲೆ ಮುಚ್ಚಳವಿಲ್ಲದೆ ಹರಡಿಕೊಂಡಿರುವ ಪರೀಕ್ಷೆಯ ಯಂತ್ರಕ್ಕೆ ಸಿಕ್ಕಿಸುತ್ತಾನೆ. ಗೋಡೆಯ ಬಿಳಿ ಹಲಗೆಯ ಮೇಲೆ ಎಲ್ಲದರ ಜಾತಕ ಬರೆದಿಟ್ಟಿದ್ದಾನೆ: ಮೆಮೊರಿ ಎಷ್ಟು, ಅದಕ್ಕೆ ಹೋಗುವ ದಾರಿ ಎಷ್ಟು ಅಗಲ, ಕರೆಂಟು ಎಷ್ಟು ಕುಡಿಯುತ್ತದೆ. ಕೊನೆಯಲ್ಲಿ, ಕೆಂಪು ಶಾಯಿಯಲ್ಲಿ, ಸೆಕೆಂಡಿಗೆ ಸರಾಸರಿ ಎಷ್ಟು ಚಿತ್ರ ಬರೆಯುತ್ತದೆ ಅನ್ನುವ ಅಂಕಿ. ಆ ಕೆಂಪು ಅಂಕಿಯೇ ಅವನ ಸುಪ್ರೀಂ ಕೋರ್ಟು.

ಕೆಲಸದಲ್ಲಿ ಮೋಸ ಇಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಬಂದವರಿಗೆ ಒಂದು ಕಾರ್ಡು ಕೊಟ್ಟು ಕಳಿಸುವ ಬದಲು ಎರಡು ಇಟ್ಟು ಪಾಠ ಮಾಡುತ್ತಾನೆ. "ಮೆಮೊರಿ ಜಾಸ್ತಿ ಇದೆ ಅಂತ ಮರುಳಾಗ್ಬೇಡಿ ಸಾರ್. ಗೋದಾಮು ದೊಡ್ಡದಿದ್ದು ಬಾಗಿಲು ಕಿರಿದಾಗಿದ್ರೆ ಏನು ಬಂತು? ಇನ್ನು ಇದು ನೋಡಿ, ಹೆಸರಿನ ಮುಂದೆ ಹೊಸ ನಂಬರ್ ಅಂಟಿಸಿದ್ದಾರೆ, ಒಳಗಿರೋದು ಅದೇ ಹಳೇ ಚಿಪ್ಪು. ಹೋದ ವರ್ಷದ ಅಳಿಯನೇ ಹೊಸ ಅಂಗಿ ಹಾಕ್ಕೊಂಡು ಬಂದಿದ್ದಾನೆ, ಅಷ್ಟೇ." ಕೇಳಿಸಿಕೊಂಡವರಿಗೆ ನಗು ಬರುತ್ತದೆ. ಕೀಬೋರ್ಡ್ ಅಜ್ಜನಿಗೆ ಮಾತ್ರ ತಲೆನೋವು ಬರುತ್ತದೆ, ಏಕೆಂದರೆ ಅವನು ಈ ಪಾಠವನ್ನು ವರ್ಷಗಳಿಂದ ಕೇಳುತ್ತಿದ್ದಾನೆ.

ಹೀಗೆ ನಡೆದುಕೊಂಡಿದ್ದ ಬಾಳಿನಲ್ಲಿ, ಕಳೆದ ಬೇಸಿಗೆಯಲ್ಲಿ, ಅವನ ಅಮ್ಮನಿಗೆ ಲಕ್ವ ಹೊಡೆಯಿತು.

ಅಮ್ಮ ಹೊಲಿಗೆಯವಳು. ಮನೆಯ ಮುಂದಿನ ಕೋಣೆಯಲ್ಲಿ, ಕಿಟಕಿಯ ಪಕ್ಕ, ಅವಳ ಕಾಲುಮಿಷನ್ನು ತಕ್ಕಡಿ ಹುಟ್ಟುವ ಮೊದಲಿನಿಂದ ಇದೆ. ಬೀದಿಯವರ ಅಂಗಿ, ಪರದೆ, ಶಾಲೆಯ ಸಮವಸ್ತ್ರ, ಎಲ್ಲಕ್ಕೂ ಅವಳ ಕೈ ತಾಗಿದೆ. ಈಗ ಎಡಗೈ, ಎಡಗಾಲು ಸ್ವಾಧೀನದಲ್ಲಿಲ್ಲ. ಮಾತು ನಿಧಾನವಾಗಿ ಬರುತ್ತದೆ, ಕೆಲವೊಮ್ಮೆ ತಪ್ಪು ಮಾತು ಬರುತ್ತದೆ. ಚಮಚ ಬೇಕಾದಾಗ ಕತ್ತರಿ ಕೇಳುತ್ತಾಳೆ, ದಿಂಬನ್ನು ಕಿಟಕಿ ಅನ್ನುತ್ತಾಳೆ. ಮನೆಯವರು ಅಂದಾಜಿನ ಮೇಲೆ ಕೊಡುತ್ತಾರೆ. ಒಂದು ಆಸೆಯನ್ನು ಮಾತ್ರ ಅವಳು ಎಂದೂ ತಪ್ಪಾಗಿ ಹೇಳಿಲ್ಲ: ತಿರುವಿನಾಚೆಯ ನೂಲಿನಂಗಡಿಗೆ ತಾನೇ ನಡೆದು ಹೋಗಬೇಕು, ತಾನೇ ಬಣ್ಣ ಆರಿಸಬೇಕು. ಮಗ ತಂದುಕೊಡುವ ನೂಲು ಒಂದೂ ಸರಿ ಇರುವುದಿಲ್ಲ. ನೀಲಿ ತಾ ಅಂದರೆ ಮೂರು ನೀಲಿ ತಂದು ಅದರಲ್ಲಿ ಯಾವುದು ಮೇಲು ಅಂತ ಭಾಷಣ ಮಾಡುತ್ತಾನೆ.

ನಡಿಗೆ ಕಲಿಸುವ ಚಿಕಿತ್ಸಾಲಯಕ್ಕೆ ಅವಳನ್ನು ದಿನವೂ ಕರೆದುಕೊಂಡು ಹೋಗುತ್ತಿದ್ದರು. ಅಲ್ಲಿಯ ಮೇಡಂ ಒಳ್ಳೆಯವರು, ಆದರೆ ಸುಳ್ಳು ಸಮಾಧಾನ ಹೇಳುವವರಲ್ಲ. "ಈ ಕೆಲವು ತಿಂಗಳೇ ಮುಖ್ಯ. ಈಗ ಕಾಲಿಗೆ ಏನು ನೆನಪಾಗುತ್ತೋ ಅದೇ ಉಳಿಯೋದು. ಆಮೇಲೆ ಬಹಳ ಕಷ್ಟ" ಎಂದು ಮೊದಲ ದಿನವೇ ಹೇಳಿದ್ದರು. ಅವರಲ್ಲಿ ಕಾಲಡಿಯ ಪಟ್ಟಿ ಓಡುತ್ತ ನಿಂತಲ್ಲೇ ನಡೆಸುವ ಒಂದು ಟ್ರೆಡ್‌ಮಿಲ್ ಇತ್ತು, ಎರಡು ಕಡೆ ಹಿಡಿಕಂಬಿ, ಎದುರಿಗೆ ಗೋಡೆಯಷ್ಟು ದೊಡ್ಡ ಪರದೆ. ಪರದೆಯ ಮೇಲೆ ಒಂದು ರಸ್ತೆ. ನಾವು ನಡೆದಂತೆ ರಸ್ತೆ ಹಿಂದಕ್ಕೆ ಸರಿಯುತ್ತದೆ, ಮನೆಗಳು ಬರುತ್ತವೆ, ಒಂದು ಹೊಂಡ ಬರುತ್ತದೆ, ರಸ್ತೆ ದಾಟುವ ಬಿಳಿ ಪಟ್ಟೆ ಬರುತ್ತದೆ. ಅಮ್ಮನಿಗೆ ಆ ರಸ್ತೆ ಬಹಳ ಹಿಡಿಸಿತ್ತು. ಹಿಡಿದ ಬಲಗೈಯನ್ನು ಆಗಾಗ ಕಂಬಿಯಿಂದ ಬಿಡುವಷ್ಟು ಧೈರ್ಯ ಬಂದಿತ್ತು.

ಅಷ್ಟರಲ್ಲಿ ರಸ್ತೆ ತೋರಿಸುವ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡು ಸುಟ್ಟುಹೋಯಿತು. ರಸ್ತೆಯ ತಂತ್ರಾಂಶ ಹಳೆಯದು, ಹೊಸ ಕಾರ್ಡುಗಳನ್ನು ಅದು ಹತ್ತಿರಕ್ಕೇ ಸೇರಿಸುವುದಿಲ್ಲ. ಮೇಡಂ ಕೈಚೆಲ್ಲಿ ಕೂತಿದ್ದರು.

"ಹಳೇ ಕಾರ್ಡು ತಾನೆ ಬೇಕು?" ಎಂದ ತಕ್ಕಡಿ. ಖುಷಿಗೆ ಅವನ ಎರಡೂ ಮೊಣಕಾಲು ಕುಣಿದವು. "ಅದು ನನಗೆ ಬಿಡಿ ಮೇಡಂ."

ಅಂಗಡಿಯಲ್ಲಿ ಆ ತಂತ್ರಾಂಶಕ್ಕೆ ಒಗ್ಗುವ ಕಾರ್ಡು ಎರಡೇ ಇದ್ದವು. ಒಂದಕ್ಕೆ ಅವನು ಜೋಡೆತ್ತು ಅಂತ ಹೆಸರಿಟ್ಟಿದ್ದ. ಒಂದೇ ಹಲಗೆಯ ಮೇಲೆ ಎರಡು ಚಿಪ್ಪು. ಒಂದು ಚಿತ್ರ ಇದು ಬರೆದರೆ ಮುಂದಿನದನ್ನು ಅದು ಬರೆಯುತ್ತದೆ. ತನ್ನ ಕಾಲದಲ್ಲಿ ಅದು ರಾಜ, ಅಂಗಡಿಯ ಗಾಜಿನ ಕಪಾಟಿನಲ್ಲಿ ನೋಡಿ ಜನ ಬಾಯಿ ಚಪ್ಪರಿಸುತ್ತಿದ್ದ ಸರಕು. ಎರಡು ಕೈಯಲ್ಲಿ ಹಿಡಿದರೂ ಭಾರ. ಇನ್ನೊಂದು, ಒಂಟಿ. ಒಂದೇ ಚಿಪ್ಪು, ಒಂದೇ ಫ್ಯಾನು, ಯಾರೂ ತಿರುಗಿ ನೋಡದ ಸಾಧು ಪ್ರಾಣಿ. ಎರಡನ್ನೂ ಮೇಜಿನ ಮೇಲೆ ಓಡಿಸಿದ. ಕೆಂಪು ಅಂಕಿಯಲ್ಲಿ ಜೋಡೆತ್ತು ಒಂಟಿಗೆ ಮಣ್ಣು ಮುಕ್ಕಿಸಿ ಮುಂದೆ ಹೋಯಿತು. ಮತ್ತೊಮ್ಮೆ ಓಡಿಸಿದ, ಇನ್ನೊಮ್ಮೆ ಓಡಿಸಿದ. ಅಳೆದೂ ಸುರಿದೂ ನೋಡಿದರೂ ಅದೇ ತೀರ್ಪು.

ಕೀಬೋರ್ಡ್ ಅಜ್ಜ ಬಾಗಿಲಲ್ಲಿ ನಿಂತು ಕತ್ತು ಚಾಚಿದ. "ಎರಡೆರಡು ಚಿಪ್ಪು ಯಾಕೋ? ಎತ್ತು ಏರಿಗೆಳೀತು, ಕೋಣ ನೀರಿಗೆಳೀತು ಅಂತ ಆಗದಿದ್ರೆ ಸರಿ."

"ನಿನಗೆ ಹೊಟ್ಟೆಕಿಚ್ಚು ಅಜ್ಜ. ನಮ್ಮಮ್ಮನಿಗೆ ಎರಡನೇ ದರ್ಜೆದು ಕೊಡೋಕಾಗುತ್ತಾ?"

ಅಜ್ಜ ಭುಜ ಕುಣಿಸಿ ಹೋದ. ಅಜ್ಜನಿಗೆ ಕಾರ್ಡಿನ ಬಗ್ಗೆ ಏನೂ ಗೊತ್ತಿರಲಿಲ್ಲ, ಗಾದೆ ಗೊತ್ತಿತ್ತು ಅಷ್ಟೇ.

ಜೋಡೆತ್ತು ಚಿಕಿತ್ಸಾಲಯಕ್ಕೆ ಬಂತು. ಪರದೆಯ ಮೇಲೆ ರಸ್ತೆ ಮತ್ತೆ ಬೆಳಗಿತು, ಮೊದಲಿಗಿಂತ ಚೂಪಾಗಿ. ಮೇಡಂ ಚಪ್ಪಾಳೆ ತಟ್ಟಿದರು. ಅಮ್ಮನನ್ನು ಪಟ್ಟಿಯ ಮೇಲೆ ನಿಲ್ಲಿಸಿದರು. ಅವಳು ನಡೆದಳು, ಸ್ವಲ್ಪ ದೂರ ಹೋದಳು, ಇದ್ದಕ್ಕಿದ್ದಂತೆ ಕಣ್ಣು ಮುಚ್ಚಿ ಬಲಗೈಯಲ್ಲಿ ಕಂಬಿಯನ್ನು ಬಿಗಿಹಿಡಿದಳು.

"ಏನಾಯ್ತಮ್ಮ?"

"ರಸ್ತೆ..." ಅವಳು ಮಾತು ಹುಡುಕಿದಳು. "ರಸ್ತೆ ಹೊಲಿಗೆ ಬಿಡ್ತಿದೆ ಕಣೋ."

ತಕ್ಕಡಿ ಮೇಡಂ ಕಡೆ ನೋಡಿ ಮೆಲ್ಲಗೆ ತಲೆಯಾಡಿಸಿದ. "ಮಾತು ಹೀಗೇ ಅಡ್ಡಾದಿಡ್ಡಿ ಆಗುತ್ತೆ ಮೇಡಂ. ಮೊನ್ನೆ ಸೋಪಿಗೆ ಗುಂಡಿ ಅಂದ್ಲು."

ಅವನು ಪರದೆ ನೋಡಿದ. ರಸ್ತೆ ನೀರು ಹರಿದಂತೆ ಹರಿಯುತ್ತಿತ್ತು. ಮೇಡಂ ಕೂಡ ನೋಡಿದರು, ಅವರಿಗೂ ಏನೂ ಕಾಣಲಿಲ್ಲ. ಭಯ ಇರಬಹುದು, ಯಂತ್ರ ಕೆಲವು ದಿನ ನಿಂತಿತ್ತಲ್ಲ, ಅಭ್ಯಾಸ ತಪ್ಪಿದೆ ಎಂದರು.

ಮರುದಿನವೂ ಹಾಗೇ ಆಯಿತು. ಅದರ ಮರುದಿನ ಅವಳಿಗೆ ವಾಂತಿ ಬಂದ ಹಾಗಾಯಿತು. ಬಿಟ್ಟಿದ್ದ ಕೈ ಮತ್ತೆ ಕಂಬಿಗೆ ಅಂಟಿತು. ತಕ್ಕಡಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ವೇಗ ಸಾಲದೇನೋ ಅಂತ ಜೋಡೆತ್ತಿಗೆ ಇನ್ನೊಂದು ಫ್ಯಾನು ಕಟ್ಟಿದ, ದೊಡ್ಡ ಪವರ್ ಸಪ್ಲೈ ತಂದು ಕೂರಿಸಿದ, ಚಿಪ್ಪುಗಳ ಓಟವನ್ನು ಅವುಗಳ ಮಿತಿಗಿಂತ ಒಂದು ಹಿಡಿ ಮೇಲಕ್ಕೆ ಏರಿಸಿದ. ಕೆಂಪು ಅಂಕಿ ಏರಿತು. ಅಮ್ಮ ಇಳಿದಳು. ವಾರ ಕಳೆಯುವಷ್ಟರಲ್ಲಿ ಪಟ್ಟಿ ಹತ್ತಿ ಎರಡು ಹೆಜ್ಜೆ ಇಟ್ಟರೆ ಕಣ್ಣು ಮುಚ್ಚುತ್ತಿದ್ದಳು. "ಹೊಲಿಗೆ ಬಿಡ್ತಿದೆ" ಅನ್ನುವುದೊಂದೇ ಮಾತು. ತಿಂಗಳುಗಳು ಜಾರುತ್ತಿವೆ ಅನ್ನುವುದು ಅವನ ಎದೆಯ ಮೇಲೆ ಕಲ್ಲಿನಂತೆ ಕೂತಿತ್ತು.

ಒಂದು ಮಧ್ಯಾಹ್ನ ಅವನ ನಾಲಿಗೆ ಜಾರಿತು. ಪಕ್ಕದಲ್ಲಿ ಒಬ್ಬ ಮುದುಕ, ಅಮ್ಮನಿಗಿಂತ ಹಿರಿಯ, ಎರಡು ಕಂಬಿಗಳ ನಡುವೆ ಏದುಸಿರು ಬಿಡುತ್ತ ನಡೆಯುತ್ತಿದ್ದ. "ಅವರನ್ನ ನೋಡಮ್ಮ!" ಎಂದ ತಕ್ಕಡಿ. "ನಿನಗಿಂತ ದೊಡ್ಡವರು. ನಿನಗಿಂತ ಜೋರಾಗಿ ಹೊಡೆದಿತ್ತಂತೆ. ಆದ್ರೂ ಹೇಗೆ ನಡೀತಿದ್ದಾರೆ! ನೀನು ಪ್ರಯತ್ನಾನೇ ಮಾಡ್ತಿಲ್ಲ. ಬಜಾರಲ್ಲೇ ಇಲ್ಲದಂಥ ಕಾರ್ಡು ತಂದು ಹಾಕಿದ್ದೀನಿ ನಿನಗೆ."

ಅಮ್ಮ ಸರಿಯಿರುವ ಕೈಯಿಂದ ಸರಿಯಿಲ್ಲದ ಕೈಯನ್ನು ಎತ್ತಿ ಮಡಿಲಲ್ಲಿಟ್ಟುಕೊಂಡಳು, ಮುಖ ತಿರುಗಿಸಿದಳು. ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು. ಆಡಿದ ಕ್ಷಣವೇ ಅವನಿಗೆ ಅದು ಗೊತ್ತಾಯಿತು, ಆದರೂ ಹೆದರಿಕೆ ಅವನನ್ನು ಕ್ಷಮೆ ಕೇಳಲು ಬಿಡಲಿಲ್ಲ. ಮರುದಿನ ಬೆಳಿಗ್ಗೆ ಚಪ್ಪಲಿ ತಂದು ಕಾಲ ಬಳಿ ಇಟ್ಟರೆ ಅಮ್ಮ ಕಾಲು ಹಿಂದಕ್ಕೆ ಎಳೆದುಕೊಂಡಳು.

"ಬರಲ್ಲ."

"ಅತ್ತೆ, ಇವತ್ತೊಂದು ದಿನ" ಎಂದಳು ಸೊಸೆ.

"ಬರಲ್ಲ." ಈ ಮಾತು ಸ್ಪಷ್ಟವಾಗಿ ಬಂತು.

ಅಂದು, ಅದರ ಮಾರನೆಯ ದಿನವೂ, ತಕ್ಕಡಿ ಅಂಗಡಿಯಲ್ಲಿ ಕೂರಲಾರದೆ ಹಲಗೆಯ ಅಂಕಿಗಳನ್ನು ಅಳಿಸಿ ಅವೇ ಅಂಕಿಗಳನ್ನು ಮತ್ತೆ ಬರೆದ. ಗಿರಾಕಿಯೊಬ್ಬ ಎರಡು ಕಾರ್ಡು ಹಿಡಿದು ಯಾವುದು ಒಳ್ಳೇದು ಅಂತ ಕೇಳಿದಾಗ "ಯಾವುದಾದ್ರೂ ತಗೊಳ್ಳಿ ಸಾರ್" ಎಂದುಬಿಟ್ಟ. ಎದುರಿನಿಂದ ಕೀಬೋರ್ಡ್ ಅಜ್ಜ ಗಾಬರಿಯಾಗಿ ಎದ್ದು ಬಂದು, ಜ್ವರ ಇದೆಯೇನೋ ಅಂತ ಅವನ ಹಣೆ ಮುಟ್ಟಿ ನೋಡಿದ.

ಆ ಸಂಜೆ ಮನೆಗೆ ಬಂದಾಗ ಹೆಂಡತಿ ಅಮ್ಮನ ಮಿಷನ್ನಿನ ಮುಂದೆ ಕೂತಿದ್ದಳು. ಹರಿದ ದಿಂಬಿನ ಚೀಲವೊಂದನ್ನು ಹೊಲಿಯುತ್ತಿದ್ದಳು. ಅಮ್ಮ ಕಿಟಕಿಯ ಕುರ್ಚಿಯಲ್ಲಿ, ಮಿಷನ್ನಿಗೆ ಬೆನ್ನು ಹಾಕಿ, ಬೀದಿ ನೋಡುತ್ತಿದ್ದಳು. ತಕ್ಕಡಿ ಚಪ್ಪಲಿ ಬಿಡುತ್ತ ಬಾಗಿಲಲ್ಲೇ ನಿಂತಿದ್ದ. ಮಿಷನ್ನು ಟರ್‍ರೆಂದು ಓಡುತ್ತಿತ್ತು. ಅಮ್ಮ ತಿರುಗದೆ ಬಲಗೈ ಎತ್ತಿದಳು.

"ನಿಲ್ಸು. ಹೊಲಿಗೆ ಬಿಡ್ತಿದೆ."

ಸೊಸೆ ಬಟ್ಟೆ ಎಳೆದು ನೋಡಿದಳು. "ಅಯ್ಯೋ ಹೌದು ಅತ್ತೆ! ನಡುನಡುವೆ ಬಿಟ್ಟಿದೆ. ನೋಡದೆ ಹೇಗೆ ಹೇಳಿದ್ರಿ?"

"ಕೇಳಿಸುತ್ತೆ. ಸೂಜಿ ಬಾಗಿದೆ."

ತಕ್ಕಡಿ ಒಂದು ಕಾಲಲ್ಲಿ ಚಪ್ಪಲಿ ಇಟ್ಟುಕೊಂಡೇ ಒಳಗೆ ಬಂದು ಬಟ್ಟೆಯನ್ನು ಕಸಿದುಕೊಂಡ. ದೂರದಿಂದ ಹೊಲಿಗೆ ಒಂದೇ ಗೆರೆ. ಬೆಳಕಿಗೆ ಹಿಡಿದರೆ ಒತ್ತೊತ್ತಾಗಿ ನಾಲ್ಕು ಹೊಲಿಗೆ, ಆಮೇಲೆ ಒಂದು ಸಡಿಲ ನೂಲು, ಮತ್ತೆ ಒತ್ತೊತ್ತು. ಒಂದು ಗೇಣಿಗೆ ಎಷ್ಟು ಹೊಲಿಗೆ ಅಂತ ಯಾರಾದರೂ ಕೇಳಿದರೆ ಲೆಕ್ಕ ಚೆನ್ನಾಗಿಯೇ ಬರುತ್ತದೆ. ಬೆರಳಿನಿಂದ ಎಳೆದ, ಸಡಿಲವಿದ್ದ ಜಾಗದಲ್ಲಿ ಬಟ್ಟೆ ಬಾಯಿಬಿಟ್ಟಿತು.

ಸರಾಸರಿ! ತಾನು ಅಳೆದದ್ದು ಸೆಕೆಂಡಿಗೆ ಎಷ್ಟು ಚಿತ್ರ ಅಂತ. ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವೆ ಎಷ್ಟು ಹೊತ್ತು ಅಂತ ಇಷ್ಟು ವರ್ಷಗಳಲ್ಲಿ ಒಮ್ಮೆಯೂ ನೋಡಿರಲಿಲ್ಲ. ಅಮ್ಮ ಮಾತು ತಪ್ಪಿರಲಿಲ್ಲ. ಕಂಡದ್ದನ್ನು ತನ್ನ ಕಸುಬಿನ ಮಾತಿನಲ್ಲಿ, ಇದ್ದದ್ದು ಇದ್ದ ಹಾಗೆ ಹೇಳಿದ್ದಳು. ಅದನ್ನೇ ಬೇರೆ ಯಾರಾದರೂ ಬಂದು ಹೇಳಿದ್ದರೆ ಕಾರ್ಡು ಬಿಚ್ಚಿ ನೋಡುತ್ತಿದ್ದ. ಹಿತ್ತಲ ಗಿಡ ಮದ್ದಲ್ಲ.

"ಏನ್ರೀ, ಮಂಕು ಹಿಡಿದವರ ಹಾಗೆ ನಿಂತಿದ್ದೀರಿ?" ಎಂದಳು ಹೆಂಡತಿ.

ಅವನಿಗೆ ನಾಚಿಕೆಯಿಂದ ಅಳು ಬಂದಂತಾಯಿತು. ಬಟ್ಟೆಯನ್ನು ಕೊಟ್ಟು ಕೈಕಾಲು ತೊಳೆಯುವ ನೆಪದಲ್ಲಿ ಒಳಗೆ ಹೋದ.

ಬೆಳಿಗ್ಗೆ ಚಿಕಿತ್ಸಾಲಯದ ಬಾಗಿಲು ತೆಗೆಯುವ ಹೊತ್ತಿಗೆ ಅವನು ಮೆಟ್ಟಿಲ ಮೇಲಿದ್ದ. ಒಂದೊಂದು ಚಿತ್ರಕ್ಕೂ ತಗಲುವ ಹೊತ್ತನ್ನು ಬೇರೆಬೇರೆಯಾಗಿ ಅಳೆಯುವಂತೆ ಯಂತ್ರಕ್ಕೆ ಹೇಳಿ ಜೋಡೆತ್ತನ್ನು ಓಡಿಸಿದ. ಗೆರೆ ಮೂಡಿತು. ಗರಗಸದ ಹಲ್ಲಿನಂತೆ ಏರು, ಇಳಿ, ಏರು, ಇಳಿ. ಒಂದು ಚಿಪ್ಪು ಚಿತ್ರವನ್ನು ಅವಸರದಲ್ಲಿ ಎಸೆಯುತ್ತಿತ್ತು, ಮರುಕ್ಷಣ ಇನ್ನೊಂದು ತಡೆದು ಕಳಿಸುತ್ತಿತ್ತು. ಅವನು ಓಟ ಏರಿಸಿದಷ್ಟೂ ಹಲ್ಲು ಚೂಪಾಗಿತ್ತು. ನೆಟ್ಟಗಿರುವವರ ಕಣ್ಣು ಆ ಸಣ್ಣ ಕುಲುಕನ್ನು ತಾನೇ ತುಂಬಿಕೊಂಡು ಸುಮ್ಮನಾಗುತ್ತದೆ.

"ಇವರ ಮಿದುಳಿಗೆ ಆ ಕಾಲು ಎಲ್ಲಿದೆ ಅಂತಾನೇ ಸರಿಯಾಗಿ ಗೊತ್ತಾಗ್ತಿಲ್ಲ" ಎಂದರು ಮೇಡಂ, ಗೆರೆಯನ್ನೇ ನೋಡುತ್ತ. "ಪೂರ್ತಿ ಕಣ್ಣನ್ನೇ ನಂಬ್ಕೊಂಡು ನಡೀತಿದ್ದಾರೆ. ಕಣ್ಣಿನ ರಸ್ತೆ ಹೀಗೆ ಎಡವಿದ್ರೆ ಪಾಪ ಅವರೇನು ಮಾಡ್ತಾರೆ? ನಾನೂ ಕೇಳಿಸ್ಕೋಬೇಕಿತ್ತು."

ತಕ್ಕಡಿ ಜೋಡೆತ್ತನ್ನು ಕಿತ್ತು ಒಂಟಿಯನ್ನು ಕೂರಿಸಿದ. ಕೆಂಪು ಅಂಕಿ ಪಾತಾಳಕ್ಕೆ ಇಳಿಯಿತು. ಗೆರೆ ಮಾತ್ರ ಎಳೆದು ಕಟ್ಟಿದ ದಾರದಂತೆ ನೆಟ್ಟಗೆ ನಿಂತಿತು.

ಇನ್ನು ಉಳಿದದ್ದು ಎಲ್ಲಕ್ಕಿಂತ ಕಷ್ಟದ ಕೆಲಸ. ಮನೆಗೆ ಹೋಗಿ ಅಮ್ಮನ ಕುರ್ಚಿಯ ಮುಂದೆ ನೆಲದ ಮೇಲೆ ಕೂತ. ಮೊಣಕಾಲು ಕುಣಿಯದ ಹಾಗೆ ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಂಡ.

"ಅಮ್ಮ, ನೀನು ಹೇಳಿದ್ದು ಸರಿ ಇತ್ತು. ರಸ್ತೆ ಹೊಲಿಗೆ ಬಿಡ್ತಿತ್ತು. ನಾನೇ ಕೇಳಿಸ್ಕೊಳ್ಳಲಿಲ್ಲ. ಮೇಲೆ ಆ ಮಾತು ಬೇರೆ ಆಡಿದೆ. ತಪ್ಪಾಯ್ತು."

ಅಮ್ಮ ಬೀದಿಯಿಂದ ಕಣ್ಣು ತೆಗೆದು ಅವನನ್ನು ನೋಡಿದಳು, ಅಂಗಿಯ ಅಳತೆ ತೆಗೆಯುವಾಗ ನೋಡುವ ಹಾಗೆ, ಮೇಲಿನಿಂದ ಕೆಳಗೆ.

"ಸೂಜಿ ಬದಲಾಯಿಸಿದ್ಯಾ?"

"ಬದಲಾಯಿಸಿದೆ."

"ಚಪ್ಪಲಿ ತಾ."

ಆ ದಿನ ಅವಳು ಕಣ್ಣು ಮುಚ್ಚಲಿಲ್ಲ. ಹೊಂಡ ಬಂತು, ದಾಟಿದಳು. ಪಟ್ಟೆ ಬಂತು, ನಿಂತಳು, ದಾಟಿದಳು. ಬಲಗೈ ತಾನಾಗಿ ಕಂಬಿಯಿಂದ ಜಾರಿತು. ಕೆಲವು ವಾರಗಳಲ್ಲಿ ಅದು ಕಂಬಿಯನ್ನು ಹುಡುಕುವುದನ್ನೇ ಬಿಟ್ಟಿತು. ತಕ್ಕಡಿ ಅಂಗಡಿಯ ಹಲಗೆಯಲ್ಲಿ ಕೆಂಪು ಅಂಕಿಯ ಪಕ್ಕ ಹಸಿರು ಶಾಯಿಯಲ್ಲಿ ಹೊಸ ಕಂಬ ಎಳೆದು, ಒಂದು ಚಿತ್ರದಿಂದ ಇನ್ನೊಂದಕ್ಕೆ ಅತಿ ಹೆಚ್ಚು ತಡವಾದದ್ದು ಎಷ್ಟು ಅಂತ ಬರೆಯತೊಡಗಿದ. ಮೇಲೆ 'ಹೊಲಿಗೆ' ಅಂತ ಹೆಸರಿಟ್ಟ. ಇದೇನು ಅಂತ ಕೇಳಿದವರಿಗೆಲ್ಲ ಪಾಠ ಇನ್ನೂ ಉದ್ದವಾಯಿತು. ಕೀಬೋರ್ಡ್ ಅಜ್ಜ ಗಾದೆ ಹೇಳಿದ್ದು ತಾನೇ ಅಂತ ಬಜಾರಿಗೆಲ್ಲ ಸಾರಿದ, ಈ ಬಾರಿ ಅದು ನಿಜವೂ ಆಗಿತ್ತು.

ಕೊನೆಗೆ ಒಂದು ಬೆಳಿಗ್ಗೆ ಅಮ್ಮ ನೂಲಿನಂಗಡಿಗೆ ಹೊರಟಳು. ಊರುಗೋಲು ಬೇಡ ಅಂದಳು. ಹೆಂಡತಿ ಬಾಗಿಲಲ್ಲಿ ನಿಂತು, "ರೀ, ಜೊತೆಗೆ ಹೋಗಿ, ಮುಂದೆ ಹೋಗ್ಬೇಡಿ" ಎಂದಳು. ತಕ್ಕಡಿ ಹೂಂಗುಟ್ಟಿದ. ಆದರೆ ಕಾಲು ಅವನ ಮಾತು ಕೇಳಬೇಕಲ್ಲ. ಮುಂದೆ ಓಡಿ ಕಲ್ಲು ಇದೆಯೇ ನೋಡಿದ, ಹಿಂದೆ ತಿರುಗಿ ನಿಂತ, ಅಮ್ಮ ಹತ್ತಿರ ಬರುವಷ್ಟರಲ್ಲಿ ಮತ್ತೆ ಮುಂದೆ ಓಡಿ ತಿರುವಿನಲ್ಲಿ ಗಾಡಿ ಬರುತ್ತಿದೆಯೇ ಇಣುಕಿದ, ಮತ್ತೆ ನಿಂತ. ತಿರುವಿನ ಹತ್ತಿರ ಅಮ್ಮ ಗೋಡೆಗೆ ಕೈಕೊಟ್ಟು ಕಣ್ಣು ಮುಚ್ಚಿದಳು.

ಅವನಿಗೆ ಜೀವವೇ ಹಾರಿಹೋಯಿತು. "ತಲೆ ಸುತ್ತಾ ಅಮ್ಮ? ಕಾಲು ಸೋತಿತಾ?"

"ಕಾಲಲ್ಲ." ಅವಳು ಉಸಿರು ಎಳೆದುಕೊಂಡಳು. "ನೀನು. ಓಡ್ತೀಯ, ನಿಲ್ತೀಯ. ಓಡ್ತೀಯ, ನಿಲ್ತೀಯ. ಈಗ ಹೊಲಿಗೆ ಬಿಡ್ತಿರೋದು ನೀನು ಕಣೋ."

ತಕ್ಕಡಿ ಮುಂದಿಟ್ಟಿದ್ದ ಕಾಲನ್ನು ಹಿಂದಕ್ಕೆ ತೆಗೆದು ಅಮ್ಮನ ಪಕ್ಕಕ್ಕೆ ಬಂದ.

"ಚಿಕ್ಕವನಿದ್ದಾಗಲೂ ಹೀಗೇ" ಎಂದಳು ಅಮ್ಮ, ಕಣ್ಣು ತೆರೆದು. "ಆಗ ಕೈ ಹಿಡ್ಕೊಂಡು ನಡೆಸ್ತಿದ್ದೆ."

ಅವಳು ಕೈ ಚಾಚಿದಳು. ಚಾಚಿದ್ದು ಎಡಗೈ, ಲಕ್ವ ಹೊಡೆದ ಕೈ. ಅದು ಅವಳ ಮಡಿಲಿನಿಂದ ತಾನಾಗಿ ಎದ್ದದ್ದನ್ನು ಅವನು ಕಳೆದ ಬೇಸಿಗೆಯಿಂದ ನೋಡಿರಲಿಲ್ಲ. ಹಿಡಿದುಕೊಂಡ. ಬೆರಳುಗಳು ಸಡಿಲವಾಗಿ, ತಡವಾಗಿ, ಒಂದೊಂದಾಗಿ ಅವನ ಕೈಯ ಸುತ್ತ ಮುಚ್ಚಿದವು.

ಇಬ್ಬರೂ ಪಟ್ಟೆಯ ಮೇಲೆ ರಸ್ತೆಗಿಳಿದರು. ಅರ್ಧ ದಾಟುವಷ್ಟರಲ್ಲಿ ಒಂದು ವ್ಯಾನು ಬಂದು ನಿಂತು ಹಾರನ್ ಹೊಡೆಯಿತು, ಮತ್ತೆ ಹೊಡೆಯಿತು. ತಕ್ಕಡಿ ಅಮ್ಮನ ಹೆಜ್ಜೆಗೆ ಹೆಜ್ಜೆ ಇಟ್ಟುಕೊಂಡು ನಡೆದ.